ಕಂದು ಬಣ್ಣದ ಹನ್ನೊಂದು ಕುರಿ

ನಿನ್ನೆ ಮಧ್ಯಾಹ್ನ ಹಾಸ್ಟೆಲ್ ಮೆಸ್ಸಿನಲ್ಲಿ ನಾನು ನನ್ನ ರೂಮಿನ ಶಿವಲೀಲಾಳನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ಮೆಟ್ಟಿಲಿನ ಕಡೆಗೆ ಎಳೆದುಕೊಂಡು ಹೋದದ್ದು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದೀರಿ. ಒಬ್ಬೊಬ್ಬರಿಗೆ ಟೈಪ್ ಮಾಡಿ ಸಾಕಾಯಿತು. ಅದಕ್ಕೆ ಇಡೀ ಕತೆಯನ್ನು ಈ ಒಂದು ವಾಯ್ಸ್ ನೋಟಿನಲ್ಲಿ ಹೇಳಿ ಮುಗಿಸುತ್ತೇನೆ. ವೇಗ ಹೆಚ್ಚಿಸಿ ಕೇಳಬೇಡಿ. ಒಂದು ಶಬ್ದವನ್ನು ತಪ್ಪಾಗಿ ಕೇಳಿದ್ದಕ್ಕೇ ಇಷ್ಟೆಲ್ಲ ಆದದ್ದು.

ಕತೆ ನನ್ನ ಅಮ್ಮನ ಅಕ್ಕನದು, ಅಮ್ಮಣ್ಣಿ ದೊಡ್ಡಮ್ಮನದು. ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಲ್ಲಿ ಅವರ ಮನೆ. ದೊಡ್ಡಪ್ಪ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾರೆ, ವರ್ಷಕ್ಕೆ ಎರಡು ಸಲ ಬರುತ್ತಾರೆ. ದೊಡ್ಡಮ್ಮ ಇಪ್ಪತ್ತು ವರ್ಷ ಬೀಡಿ ಕಟ್ಟಿದರು. ಮೂರು ವರ್ಷದ ಹಿಂದೆ ಮಹಿಳಾ ಸಂಘದ ಮೂಲಕ ಪಶು ಸಖಿಯಾದರು. ಪಶು ಸಖಿ ಎಂದರೆ ಮನೆಮನೆಗೆ ಹೋಗಿ ದನ, ಆಡು, ಕೋಳಿಗಳನ್ನು ನೋಡಿಕೊಂಡು ಬಂದು, ಲಸಿಕೆಯ ದಿನ ಡಾಕ್ಟರ ಜೊತೆ ನಿಲ್ಲುವ ಹೆಂಗಸು. ದೊಡ್ಡಮ್ಮ ಡಾಕ್ಟರಲ್ಲ. ಆದರೆ ಲಾಯಿಲದಲ್ಲಿ ಯಾವ ದನ ಯಾರಿಗೆ ಒದೆಯುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿಲ್ಲ, ದೊಡ್ಡಮ್ಮನಿಗೆ ಗೊತ್ತು. ಅವರು ಮೆಲ್ಲಗೆ ಮಾತಾಡುವುದೂ ದನದ ಜೊತೆ ಮಾತ್ರ. ಮನುಷ್ಯರ ಜೊತೆ ಮಾತಾಡುವಾಗ ಯಾವಾಗಲೂ ಬಸ್ಸು ತಪ್ಪಿದವರ ಹಾಗೆ ಇರುತ್ತಾರೆ.

ಅವರ ಹತ್ತಿರ ಒಂದು ರಿಜಿಸ್ಟರ್ ಉಂಟು. ತರಬೇತಿಯಲ್ಲಿ ಯಾರೋ, ಬರೆಯದೆ ಉಳಿದದ್ದು ನಡೆದೇ ಇಲ್ಲ ಎಂದು ಹೇಳಿಕೊಟ್ಟರಂತೆ. ಅಂದಿನಿಂದ ಪಕ್ಕದ ಮನೆಯ ಸೇಸಮ್ಮನ ಕೋಳಿ ಎರಡು ಸಲ ಸೀನಿದರೂ ದೊಡ್ಡಮ್ಮ ಬರೆಯುತ್ತಾರೆ. ಬೀಡಿ ಎಲೆಯನ್ನು ಅಳತೆಗೆ ಕತ್ತರಿಸಿದ ಕೈ, ಅಕ್ಷರ ಅಚ್ಚು ಹಾಕಿದ ಹಾಗೆ. ನನ್ನ ರಿಜಿಸ್ಟರಿನಲ್ಲಿ ಒಂದು ತಪ್ಪು ತೋರಿಸಿ ನೋಡುವ ಎಂದು ಅವರು ಡಾಕ್ಟರಿಗೇ ಹೇಳಿದ್ದರು. ಆ ಮಾತು ಅವರಿಗೆ ಈಗ ನೆನಪು ಮಾಡಬೇಡಿ.

ಕಳೆದ ಡಿಸೆಂಬರಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಒಂದು ಕುರಿ ಹಿಂಡು ನಮ್ಮ ಕಡೆಗೆ ಬಂತು. ಮುನ್ನೂರು ಕುರಿ, ಎರಡು ಕುದುರೆ, ಎರಡು ನಾಯಿ. ಹಿಂಡಿನವರು ಹಾವೇರಿ ಜಿಲ್ಲೆಯವರು. ಸಾಮಾನ್ಯವಾಗಿ ಅವರು ಘಾಟಿಯ ಮೇಲೆಯೇ ತಿರುಗುವುದು. ಈ ಸಲ ಲಾಯಿಲದ ರುಕ್ಮಯ್ಯ ಎನ್ನುವವರು ಮೂಡಿಗೆರೆಯಲ್ಲಿ ಅವರನ್ನು ಕಂಡು, ಕೊಯ್ಲು ಮುಗಿದ ನಮ್ಮ ಗದ್ದೆಯಲ್ಲಿ ಕುರಿ ಕೂಡಿಸಿ, ಗೊಬ್ಬರ ಆಗಲಿ ಎಂದು ಕರೆದುಕೊಂಡು ಬಂದಿದ್ದರು. ನಮ್ಮೂರಿನವರು ಅಷ್ಟು ಕುರಿಯನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಸೆಲ್ಫಿ ತೆಗೆಯುವವರ ಕಾಲಡಿಯಲ್ಲಿ ಒಂದು ಮರಿ ಅಪ್ಪಚ್ಚಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಮಾರನೆಯ ದಿನ ದೊಡ್ಡಮ್ಮ ರಿಜಿಸ್ಟರ್ ಹಿಡಿದು ಹೋದರು. ಹಿಂಡಿನ ಯಜಮಾನನ ಹೆಸರು ಹಾಲಪ್ಪ, ಮೂವತ್ತರ ಒಳಗಿನವನು. ಕಂಬಳಿ ಹೆಗಲಿಗೆ ಹಾಕಿಕೊಂಡು ಎದುರು ಬಂದ.

"ಅಕ್ಕಾರ, ಹನ್ನೊಂದು ಕುರಿ ಕಂದು ಹಾಕ್ಯಾವ್ರಿ" ಎಂದ.

ದೊಡ್ಡಮ್ಮ ಹಿಂಡನ್ನು ನೋಡಿದರು. ಯಾರ ಕುರಿ ಯಾವುದು ಎಂದು ಗುರುತಾಗಲಿಕ್ಕೆ ಎಲ್ಲದರ ಬೆನ್ನಿಗೂ ಬಣ್ಣ ಬಳಿದಿತ್ತು. ಕೆಲವು ಕೆಂಪು, ಕೆಲವು ಮಾಸಿ ಕಂದು.

"ಬಣ್ಣ ಆಮೇಲೆ ಬರೀತೇನೆ. ಸೀಕು ಎಂತ ಉಂಟು, ಅದನ್ನು ಹೇಳಿ."

"ಅದನ್ನ ಹೇಳಾಕತ್ತೀನ್ರಿ. ಕಂದು ಹಾಕ್ಯಾವು."

"ಹಾಕಿದ್ದು ಯಾರು?"

"ಕುರಿನ ಹಾಕ್ಯಾವ್ರಿ."

"ಕುರಿ ತನ್ನಷ್ಟಕ್ಕೆ ಹಾಕಿಕೊಳ್ತದಾ?"

"ಮತ್ಯಾರ ಹಾಕ್ತಾರ್ರಿ ಅಕ್ಕಾರ?"

ಈ ಜನರಿಗೆ ನೆಟ್ಟಗೆ ಒಂದು ಉತ್ತರ ಕೊಡಲಿಕ್ಕೆ ಬರುವುದಿಲ್ಲ ಎಂದು ದೊಡ್ಡಮ್ಮ ಅಂದುಕೊಂಡರು. ಈ ಊರಿನ ದನಗಳನ್ನು ದೇವರೇ ಕಾಯಬೇಕು ಎಂದು ಹಾಲಪ್ಪ ಅಂದುಕೊಂಡನಂತೆ, ಆಮೇಲೆ ಅವನೇ ಹೇಳಿದ್ದು. ದೊಡ್ಡಮ್ಮ ಬಣ್ಣದ ಕಾಲಮ್ಮಿನಲ್ಲಿ "ಕಂದು, 11" ಎಂದು ಬರೆದು, ಗೊರಸು ಕೊಳೆತ ಎರಡು ಕುರಿಗಳಿಗೆ ಮದ್ದು ಹಚ್ಚಿದರು. ಹೊರಡುವಾಗ ಹಾಲಪ್ಪನ ಹೆಂಡತಿ ಕಣ್ಣಿಗೆ ಬಿದ್ದಳು.

ಮಾಯವ್ವ. ಇಪ್ಪತ್ತೆರಡು ವರ್ಷ. ಬಿಸಿಲಿನಲ್ಲಿ ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದಳು. ಹದಿನೈದು ದಿನದಿಂದ ಸಂಜೆಯಾದರೆ ಜ್ವರ, ಬೆಳಗ್ಗೆ ಮೈಯೆಲ್ಲ ಬೆವರು, ಸೊಂಟ ಮುರಿದ ಹಾಗೆ ನೋವು. ಐದು ತಿಂಗಳ ಗರ್ಭಿಣಿ.

"ಹೋದ ವರ್ಷ ಒಂದು ಹೋತ್ರಿ ಅಕ್ಕಾರ, ಆರು ತಿಂಗಳಿಗೆ" ಎಂದಳು. "ಇದಾರ ನಿಲ್ಲತೈತೋ ಇಲ್ಲೋ."

ದೊಡ್ಡಮ್ಮನ ಕೆಲಸ ದನದ್ದು. ಹೆಂಗಸರ ಜ್ವರ ಅವರ ರಿಜಿಸ್ಟರಿನಲ್ಲಿ ಬರುವುದಿಲ್ಲ. ಆದರೂ ಮರುದಿನ ಅಬ್ಬಾಸಾಕನ ರಿಕ್ಷಾದಲ್ಲಿ ಮಾಯವ್ವನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ನಾಳೆ ನನಗೂ ಜ್ವರ ಬರಬಹುದು.

"ತಾಯಿ ಕಾರ್ಡ್ ಎಲ್ಲಿ ಮಾಡಿದ್ದು?" ಎಂದು ಕೌಂಟರಿನಲ್ಲಿ ಕೇಳಿದರು.

"ಹಾವೇರಿ ಕಡೆ."

"ಹಾಗಾದ್ರೆ ಅಲ್ಲಿಯೇ ತೋರಿಸ್ಬೇಕು."

"ಅಲ್ಲಿಗೆ ಕುರಿಯೊಟ್ಟಿಗೆ ನಡ್ಕೊಂಡು ಹೋಗ್ಲಿಕ್ಕೆ ಒಂದು ತಿಂಗಳು ಬೇಕು."

"ಬಸ್ಸುಂಟಲ್ಲ."

"ಬಸ್ಸಿನಲ್ಲಿ ಮುನ್ನೂರು ಕುರಿ ಹತ್ತಿಸ್ತಾರಾ?"

"ನೀವು ಇವರಿಗೆ ಎಂತ ಆಗ್ಬೇಕು?"

"ಇವಳಿಗೆ ಏನೂ ಅಲ್ಲ. ಇವಳ ಕುರಿಗೆ ಸಂಬಂಧ."

ಹಿಂದೆ ಸಾಲಿನಲ್ಲಿದ್ದವರು ನಕ್ಕರಂತೆ. ವಿಳಾಸ ಕೇಳಿದಾಗ ದೊಡ್ಡಮ್ಮ "ರುಕ್ಮಯ್ಯರ ಗದ್ದೆ" ಎಂದರು. ಕಂಪ್ಯೂಟರಿಗೆ ಅದು ಸಾಲಲಿಲ್ಲ. ಕೊನೆಗೆ ತಮ್ಮ ಮನೆಯ ನಂಬರ್ ಹೇಳಿದರು. ಮಲೇರಿಯಾ ನೋಡಿದರು, ಇಲ್ಲ. ಡೆಂಗಿ ನೋಡಿದರು, ಇಲ್ಲ. ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಹತ್ತು ದಿನದಲ್ಲಿ ಮೂರು ಸಲ ಹೋದರು, ಮೂರು ಸಲವೂ ಅದೇ ಮಾತ್ರೆ. ಕುರಿಯ ವಿಷಯ ಅಲ್ಲಿ ಯಾರೂ ಕೇಳಲಿಲ್ಲ. ದೊಡ್ಡಮ್ಮನಿಗೂ ಹೇಳಬೇಕೆಂದು ತೋಚಲಿಲ್ಲ. ಬಣ್ಣದಲ್ಲಿ ಹೇಳುವುದಕ್ಕೆ ಎಂತ ಉಂಟು.

ಅಷ್ಟರಲ್ಲಿ ರುಕ್ಮಯ್ಯರ ಗದ್ದೆಯಲ್ಲಿ ಗೊಬ್ಬರ ಸಾಕಷ್ಟಾಯಿತು. ಹಿಂಡು ಗದ್ದೆಯಿಂದ ಗದ್ದೆಗೆ ಹೋಗುತ್ತಾ ಜನವರಿಯ ಹೊತ್ತಿಗೆ ವಿಟ್ಲದ ಹತ್ತಿರ ಮುಟ್ಟಿತು. ಅದು ಬಂಟ್ವಾಳ ತಾಲೂಕು. ಕುರಿಗಳಿಗೆ ತಾಲೂಕಿನ ಗಡಿ ಗೊತ್ತಿಲ್ಲ, ಇಲಾಖೆಗೆ ಗೊತ್ತುಂಟು. ದೊಡ್ಡಮ್ಮ ಫೋನಿನಲ್ಲಿ ಕೇಳಿದಾಗ ಒಬ್ಬರು, ಹಿಂಡು ಇನ್ನು ನಿಮ್ಮದಲ್ಲವಲ್ಲ, ತಲೆಬಿಸಿ ಬಿಡಿ ಎಂದರಂತೆ. ದೊಡ್ಡಮ್ಮನ ತಲೆ ಬಿಸಿಯಾಗಲಿಕ್ಕೆ ಆ ಮಾತೇ ಸಾಕಾಯಿತು.

ಒಂದು ಶನಿವಾರ ನಾನು ಹಾಸ್ಟೆಲಿನ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದೆ. ದೊಡ್ಡಮ್ಮ ಹಾಲಪ್ಪನ ಒಂದು ವಾಯ್ಸ್ ನೋಟನ್ನು ನನಗೆ ದಾಟಿಸಿ, ಕೆಳಗೆ ಬರೆದಿದ್ದರು: "ಈ ಮನುಷ್ಯ ಯಾವಾಗ ನೋಡಿದರೂ ಬಣ್ಣದ ವಿಷಯವೇ ಹೇಳುವುದು. ನಿನಗೇನಾದರೂ ಅರ್ಥ ಆಗ್ತದಾ ನೋಡು." ನಾನು ಜೋರಾಗಿ ಹಾಕಿದೆ.

"ಅಕ್ಕಾರ, ಮತ್ತ ನಾಕ್ ಕುರಿ ಕಂದು ಹಾಕಿದುವ್ರಿ. ಇಕೀಗೆ ಜ್ವರ ಬಿಡವಲ್ದು. ಏನ್ ಮಾಡೂದ್ರಿ?"

ತಲೆ ಬಾಚಿಕೊಳ್ಳುತ್ತಿದ್ದ ಶಿವಲೀಲಾ ಬಾಚಣಿಗೆ ಹಿಡಿದ ಕೈಯನ್ನು ಅಲ್ಲಿಗೇ ನಿಲ್ಲಿಸಿದಳು. ಅವಳು ರಾಣೆಬೆನ್ನೂರಿನವಳು ಎಂದು ನಿಮಗೆಲ್ಲ ಗೊತ್ತು, ಅವಳ ಅಜ್ಜನದೂ ಕುರಿ ಹಿಂಡೇ ಎಂಬುದು ನನಗೂ ಅಂದೇ ಗೊತ್ತಾದದ್ದು.

"ಯಾರ ಕುರಿ ಕಂದು ಹಾಕಿದ್ವು?"

"ನಮ್ಮ ದೊಡ್ಡಮ್ಮನ ಪರಿಚಯದವರದು. ಬಣ್ಣ ಹಾಕುದಲ್ವಾ, ಗುರುತಿಗೆ?"

"ಎಂಥ ಬಣ್ಣ? ಕಂದು ಹಾಕೂದು ಅಂದ್ರ ದಿನ ತುಂಬೂಕಿಂತ ಮುಂಚೆ ಮರಿ ಸತ್ತು ಬೀಳೂದು. ಎಷ್ಟಂತ?"

"ಮೊದಲು ಹನ್ನೊಂದು. ಈಗ ನಾಲ್ಕು."

"ಹದಿನೈದು ಕುರಿ ಕಂದು ಹಾಕ್ಯಾವು, ನೀವು ಬಣ್ಣ ಅಂತ ಕುಂತೀರಿ?" ಬಾಚಣಿಗೆ ಕೆಳಗಿಟ್ಟಳು. "ಬಿದ್ದ ಮರಿ ಎತ್ತಿ ಹಾಕೋರು ಯಾರು ಅಲ್ಲಿ? ಇಕೀಗೆ ಜ್ವರ ಅಂತಾನಲ್ಲ, ಆಕೀನ?"

ನಾನು ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಒಂದು ಮಾತನ್ನು ಪೂರ್ತಿ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

"ನಾನು ಬಣ್ಣ ಅಂತ ಬರ್ದಿದ್ದೇನೆ ಸಾತ್ವಿಕಾ" ಎಂದರು. ಆಮೇಲೆ, "ಮರಿ ಬಿತ್ತು ಅಂತ ಹೇಳ್ಲಿಕ್ಕೆ ಅವನಿಗೆ ಎಂತ ರೋಗ" ಎಂದರು. ಕೊನೆಗೆ, "ಅವನು ಸರಿಯಾಗಿಯೇ ಹೇಳಿದ್ದ. ನನಗೇ ಕಿವಿ ಇರ್ಲಿಲ್ಲ" ಎಂದರು.

ಸೋಮವಾರ ನಾನು ಕ್ಲಾಸ್ ಬಿಟ್ಟು ಬೆಳ್ತಂಗಡಿಗೆ ಹೋದೆ. ಇಬ್ಬರೂ ದನದ ಡಾಕ್ಟರ್ ಶಿವಕೃಷ್ಣರ ಎದುರು ಕೂತೆವು. ದೊಡ್ಡಮ್ಮ ರಿಜಿಸ್ಟರ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. ಪಕ್ಕದಲ್ಲಿ ಡಾಕ್ಟರ ಸಹಿ ಇತ್ತು.

"ಕಂದು ಬಣ್ಣ, ಹನ್ನೊಂದು. ಹೌದು, ತಿಂಗಳ ವರದಿಯಲ್ಲಿ ಕಳಿಸಿದ್ದೇನಲ್ಲ" ಎಂದರು ಡಾಕ್ಟರ್.

"ಅದು ಬಣ್ಣ ಅಲ್ಲ ಸರ್. ಮರಿ ಬಿದ್ದದ್ದು."

ಡಾಕ್ಟರ್ ರಿಜಿಸ್ಟರ್ ನೋಡಿದರು. ನಾನು ಅವರ ಬೆನ್ನ ಹಿಂದಿನ ಗೋಡೆ ನೋಡಿದೆ. ಅಲ್ಲಿ ಇಲಾಖೆಯ ದೊಡ್ಡ ಪೋಸ್ಟರ್, ದಪ್ಪ ಅಕ್ಷರದಲ್ಲಿ: ಕಂದುರೋಗ ತಡೆಗಟ್ಟಿ, ಬ್ರುಸೆಲ್ಲಾ ಲಸಿಕೆ ಹಾಕಿಸಿ. ನಾನು ಬೆರಳು ತೋರಿಸಿದೆ. ಇಬ್ಬರೂ ತಿರುಗಿ ನೋಡಿದರು.

"ಎರಡು ವರ್ಷದಿಂದ ಇದರ ಎದುರು ಕೂತಿದ್ದೇನೆ" ಎಂದರು ದೊಡ್ಡಮ್ಮ. "ನಾವು ಬಾಯಲ್ಲಿ ಬ್ರುಸೆಲ್ಲಾ ಬ್ರುಸೆಲ್ಲಾ ಹೇಳುದು. ಮೇಲಿನದ್ದನ್ನು ಓದಿದ್ದು ಯಾರು?"

"ಅಂಟಿಸಿದ್ದು ನಾನೇ" ಎಂದರು ಡಾಕ್ಟರ್.

ಅವರು ಕೆಟ್ಟವರಲ್ಲ. ಆದರೆ ಆ ಹಿಂಡು ಈಗ ಬಂಟ್ವಾಳದಲ್ಲಿದೆಯಲ್ಲ, ಅಲ್ಲಿಯವರಿಗೆ ಒಂದು ಪತ್ರ ಹಾಕುವ ಎಂದು ಶುರು ಮಾಡಿದರು. ದೊಡ್ಡಮ್ಮ ರಿಜಿಸ್ಟರನ್ನು ಮುಚ್ಚಿ ಅವರ ಮೇಜಿನ ಮೇಲಿಟ್ಟು, "ಹಾಗಾದ್ರೆ ಇದನ್ನು ನೀವೇ ಇಟ್ಕೊಳ್ಳಿ. ಇನ್ನು ನೀವೇ ಬರೀರಿ" ಎಂದು ಎದ್ದರು. ಡಾಕ್ಟರ್ ಜೀಪಿನ ಕೀಲಿ ಹುಡುಕಿದರು.

ವಿಟ್ಲದ ಗದ್ದೆಯಲ್ಲಿ ಮಾಯವ್ವ ಆಗಷ್ಟೇ ಒಂದು ಸತ್ತ ಮರಿಯನ್ನು ಬರಿಗೈಯಲ್ಲಿ ಎತ್ತಿ ಪೊದೆಯ ಕಡೆಗೆ ಒಯ್ಯುತ್ತಿದ್ದಳು. ದೊಡ್ಡಮ್ಮ ದೂರದಿಂದಲೇ ಕೂಗಿದ ಕೂಗಿಗೆ ಎರಡೂ ನಾಯಿಗಳು ಸುಮ್ಮನಾದವು. ಮೊದಲಿನ ಹದಿನೈದು ಮರಿಗಳನ್ನೂ ಎತ್ತಿದ್ದು ಅವಳೇ. ಕೈಗೆ ಚೀಲ ಕಟ್ಟಿಕೊಳ್ಳಬೇಕು, ಆಳ ಗುಂಡಿ ತೆಗೆದು ಸುಣ್ಣ ಹಾಕಿ ಹುಗಿಯಬೇಕು, ಬಸುರಿ ಹೆಂಗಸು ಹತ್ತಿರವೂ ಹೋಗಬಾರದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ನನ್ನ ಮಾತು ತಿಳಕೊಂಡಿದ್ರ ಆವತ್ತ ಹೇಳ್ತಿದ್ರಲ್ರಿ" ಎಂದ ಹಾಲಪ್ಪ. "ನಾ ಮೊದಲನೇ ದಿನಾನ ಹೇಳೀನಿ."

"ಹೇಳಿದ್ದೀ ಮಾರಾಯ, ಹೇಳಿದ್ದೀ" ಎಂದರು ದೊಡ್ಡಮ್ಮ. "ಈಗ ಆ ಕುರಿಯನ್ನು ಗಟ್ಟಿ ಹಿಡಿ."

ಡಾಕ್ಟರ್ ಇಪ್ಪತ್ತು ಕುರಿಗಳ ರಕ್ತ ತೆಗೆದರು. ಇನ್ನು ಮಾಯವ್ವನ ರಕ್ತ. ಇಲ್ಲಿಂದ ಶುರುವಾಯಿತು ನೋಡಿ. ಮನುಷ್ಯರ ಆಸ್ಪತ್ರೆಯಲ್ಲಿ, ಮೊದಲು ಕುರಿಯ ವರದಿ ತನ್ನಿ ಎಂದರು. ಪಶು ಇಲಾಖೆಯಲ್ಲಿ ಕುರಿಯ ವರದಿ ಕೇಳಿದರೆ ಒಂದು ವಾರ ಆಗುತ್ತದೆ ಎಂದರು. ಅಷ್ಟರಲ್ಲಿ ಇವಳಿಗೆ ಏನಾದರೂ ಆದರೆ ಎಂದು ಕೇಳಿದರೆ, ಅದು ನಮ್ಮ ವಿಭಾಗವಲ್ಲ ಎಂದರು ಇವರು. ಅದು ನಮ್ಮ ಇಲಾಖೆಯಲ್ಲ ಎಂದರು ಅವರು. ಒಂದೇ ಕ್ರಿಮಿ ಕುರಿಯಿಂದ ಮನುಷ್ಯನಿಗೆ ದಾಟಲಿಕ್ಕೆ ಯಾವ ಪತ್ರವನ್ನೂ ತರಬೇಕಾಗಲಿಲ್ಲ, ಅದರ ಹಿಂದೆ ಹೋಗಲಿಕ್ಕೆ ನಮಗೆ ಮಾತ್ರ ಎರಡು ಮೊಹರು ಬೇಕು.

ಕೊನೆಗೆ ಆ ಕಡೆಯ ಉಪಕೇಂದ್ರದ ನರ್ಸ್ ಹನಾ ಎಲ್ಲವನ್ನೂ ಕೇಳಿ, ಮಾಯವ್ವನ ತೋಳನ್ನು ಎಳೆದುಕೊಂಡು ರಕ್ತ ತೆಗೆದು, "ಬೈಗುಳ ಬಂದ್ರೆ ನನಗೆ ಬರ್ಲಿ ಅಕ್ಕ. ಇದನ್ನು ಇವತ್ತೇ ಮಂಗಳೂರಿಗೆ ಮುಟ್ಟಿಸಿ" ಎಂದಳು. ನಾನೇ ಐಸ್ ಡಬ್ಬಿ ಹಿಡಿದು ಬಿ.ಸಿ.ರೋಡಿನಿಂದ ಬಸ್ಸು ಹತ್ತಿದೆ. ಡಬ್ಬಿ ದೊಡ್ಡಮ್ಮನದು, ಕೋಳಿ ಲಸಿಕೆಯದ್ದು. ಕಂಡಕ್ಟರ್ "ಎಂತ, ಮೀನಾ?" ಎಂದು ಕೇಳಿದ.

ಮೂರನೆಯ ದಿನ ವರದಿ ಬಂತು. ಮಾಯವ್ವನಿಗೆ ಅದೇ ರೋಗ. ವಾರ ಕಳೆದು ಕುರಿಗಳ ವರದಿಯೂ ಬಂತು, ಇಪ್ಪತ್ತರಲ್ಲಿ ಒಂಬತ್ತಕ್ಕೆ. ಮಂಗಳೂರಿನ ಡಾಕ್ಟರ್ ಆರು ವಾರಕ್ಕೆ ಮಾತ್ರೆ ಬರೆದು, ಒಂದು ಹೊತ್ತೂ ತಪ್ಪಬಾರದು, ಹತ್ತು ದಿನಕ್ಕೊಮ್ಮೆ ತೋರಿಸಬೇಕು, ಮಗು ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಅರ್ಧಕ್ಕೆ ಬಿಟ್ಟರೆ ನಾನು ಏನೂ ಹೇಳಲಾರೆ ಎಂದರು.

ರೋಗದ ಸುದ್ದಿ ನಮಗಿಂತ ಮೊದಲು ಗದ್ದೆಗಳಿಗೆ ಮುಟ್ಟಿತು. ಗೊಬ್ಬರ ಬೇಕು ಬೇಕು ಎನ್ನುತ್ತಿದ್ದವರೆಲ್ಲ ಒಂದೇ ಸಂಜೆಯಲ್ಲಿ ಬೇಡ ಎಂದರು. ರುಕ್ಮಯ್ಯ ಲಾಯಿಲದಿಂದ ಫೋನ್ ಮಾಡಿ, ಈಗಾಗಲೇ ಬಿದ್ದ ಗೊಬ್ಬರವನ್ನು ಏನು ಮಾಡುವುದು ಎಂದು ದೊಡ್ಡಮ್ಮನನ್ನೇ ಕೇಳಿದರು. "ದನವನ್ನು ಆ ಗದ್ದೆಗೆ ಬಿಡ್ಬೇಡಿ, ಡಾಕ್ಟರ್ ಬಂದು ನೋಡ್ತಾರೆ. ನನ್ನ ತಲೆ ತಿನ್ಬೇಡಿ" ಎಂದರು ದೊಡ್ಡಮ್ಮ. ಹಾಲಪ್ಪನಿಗೆ ಘಾಟಿ ಹತ್ತದೆ ಬೇರೆ ದಾರಿಯಿರಲಿಲ್ಲ. ರೋಗದ ಒಂಬತ್ತು ಕುರಿಗಳನ್ನು ಬೇರೆ ಮಾಡಿ, ಅವನ ಊರಿನ ದನದ ಆಸ್ಪತ್ರೆಗೆ ಡಾಕ್ಟರ್ ಪತ್ರ ಬರೆದುಕೊಟ್ಟರು.

"ಆರು ವಾರ ಒಂದ ಕಡೆ ನಿಲ್ಲಾಕ ಮೇವು ಎಲ್ಲೈತ್ರಿ ಅಕ್ಕಾರ?" ಎಂದ ಹಾಲಪ್ಪ. "ಇಕಿ ಗುಳಿಗಿ ದಾರ್ಯಾಗ ತಿಂತಾಳ ತಗೋರಿ."

"ದಾರಿಯಲ್ಲಿ ಹತ್ತು ದಿನಕ್ಕೊಮ್ಮೆ ನೋಡುವವರು ಯಾರು, ನಿನ್ನ ಕುದುರೆಯಾ?" ಎಂದರು ದೊಡ್ಡಮ್ಮ. "ಕುರಿ ಹೋಗ್ಲಿ. ಇವಳು ನನ್ನ ಮನೆಯಲ್ಲಿರ್ತಾಳೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹೇಗೂ ಅದೇ ವಿಳಾಸ ಉಂಟು."

ಮಾಯವ್ವ ಆ ದಿನ ಹಿಂಡು ಹೋದ ದಾರಿಯನ್ನೇ ನೋಡುತ್ತಾ ನಿಂತಿದ್ದಳು. ಅವಳು ಹುಟ್ಟಿದಾಗಿನಿಂದ ಕುರಿಯ ಸದ್ದಿಲ್ಲದೆ ಮಲಗಿದವಳಲ್ಲ.

ಆ ಆರು ವಾರವನ್ನು ದೊಡ್ಡಮ್ಮ ಹೇಗೆ ಕಳೆದರು ಎಂದು ಕೇಳಿದರೆ ಈಗಲೂ ಕೈ ಮುಗಿಯುತ್ತಾರೆ. ಮಾಯವ್ವ ಫ್ಯಾನಿನ ಕೆಳಗೆ ಮಲಗಲಿಲ್ಲ, ಅಂಗಳದಲ್ಲಿ ಕಂಬಳಿ ಹಾಸಿದಳು. ಕುಚ್ಚಲಕ್ಕಿ ಗಂಜಿ ನೋಡಿ, ಇದನ್ನ ಕುರಿಗೆ ಹಾಕ್ತೀವ್ರಿ ನಾವು ಎಂದಳು. ಜೋಳದ ಹಿಟ್ಟಿಗಾಗಿ ದೊಡ್ಡಮ್ಮ ಬೆಳ್ತಂಗಡಿಯ ಅಂಗಡಿಗಳನ್ನೆಲ್ಲ ಹುಡುಕಿದರು. ಅವಳು ರೊಟ್ಟಿ ಬಡಿಯುವ ಸದ್ದಿಗೆ ಸೇಸಮ್ಮ ಜಗಳವಾಗುತ್ತಿದೆ ಎಂದು ಓಡಿ ಬಂದರು. ಮಾಯವ್ವ ದೊಡ್ಡಮ್ಮನ ಎರಡು ದನಗಳನ್ನು ನೋಡಿ, ಇವು ಎಲ್ಲಿಗೂ ನಡೆಯೂದಿಲ್ಲೇನ್ರಿ, ಪಾಪ ಎಂದಳು. ಮಾತ್ರೆ ತಿಂದ ಎರಡನೆಯ ದಿನ ಮೂತ್ರ ಕೆಂಪಾಗಿ ಹೋಯಿತೆಂದು ಹೆದರಿ ಅತ್ತಳು. ದೊಡ್ಡಮ್ಮ ಅರ್ಧ ಗಂಟೆ ಫೋನ್ ಮಾಡಿ, ಅದು ಮಾತ್ರೆಯಿಂದಲೇ ಹಾಗಾಗುವುದು ಎಂದು ಹನಾಳಿಂದ ಕೇಳಿ ತಿಳಿದರು. ಆಮೇಲೆ ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದರು: "ಮಾಯವ್ವ. ಬಣ್ಣ ಕೆಂಪು. ಇದು ನಿಜವಾಗಿ ಬಣ್ಣವೇ."

ಆ ಪುಟ ನಾನು ನೋಡಿದ್ದೇನೆ. ನಲವತ್ತೆರಡು ದಿನ, ದಿನಕ್ಕೊಂದು ಸಾಲು. ದನದ ರಿಜಿಸ್ಟರಿನಲ್ಲಿ ಹೆಂಗಸಿನ ಹೆಸರು ಯಾಕೆ ಎಂದು ಮೇಲಿನವರು ಯಾರೋ ಕೇಳಿದರಂತೆ. "ನಿಮ್ಮ ಎರಡು ಇಲಾಖೆಗೂ ಇದೊಂದೇ ಪುಸ್ತಕ ಇರುವುದು, ಓದಿ" ಎಂದರಂತೆ ದೊಡ್ಡಮ್ಮ. ಮೂರನೆಯ ವಾರದಲ್ಲಿ ಜ್ವರ ಬಿಟ್ಟಿತು. ಮಾರ್ಚಿನಲ್ಲಿ ಹಾಲಪ್ಪ ಬಸ್ಸಿನಲ್ಲಿ ಬಂದು ಅವಳನ್ನು ಕರೆದುಕೊಂಡು ಹೋದ. ಅವನ ಕೈಗೆ ದೊಡ್ಡಮ್ಮ ಕೊಟ್ಟದ್ದು ಎರಡು ಜೊತೆ ರಬ್ಬರ್ ಗ್ಲೌಸ್ ಮತ್ತು ಒಂದು ತಾಕೀತು: ಹೆರಿಗೆ ಆದ ಕೂಡಲೇ ತಿಳಿಸಬೇಕು, ಬಿಡಿಸಿ ಹೇಳಬೇಕು.

ನಿನ್ನೆ ಮಧ್ಯಾಹ್ನ ಅವನ ವಾಯ್ಸ್ ನೋಟ್ ಬಂತು. ದೊಡ್ಡಮ್ಮ ಅದನ್ನು ಕೇಳಿದ ಕೂಡಲೇ ನನಗೆ ದಾಟಿಸಿ ಫೋನ್ ಮಾಡಿದರು.

"ಆ ರಾಣೆಬೆನ್ನೂರಿನ ಹುಡುಗಿ ಎಲ್ಲಿದ್ದಾಳೆ?"

"ಊಟ ಮಾಡ್ತಿದ್ದಾಳೆ ದೊಡ್ಡಮ್ಮ."

"ಎಬ್ಬಿಸು."

ಹಾಗೆ ನಾನು ಅವಳನ್ನು ಎಬ್ಬಿಸಿದ್ದು. ಮೆಟ್ಟಿಲಿನ ಮೇಲೆ ನಿಂತು ಆ ವಾಯ್ಸ್ ನೋಟ್ ಹಾಕಿದೆವು. ಹಾಲಪ್ಪನ ದನಿ, ಹಿಂದೆ ಕುರಿಗಳ ಸದ್ದು: "ಅಕ್ಕಾರ, ಮಾಯವ್ವ ನಸುಕಿನ್ಯಾಗ ಹಡದಾಳ್ರಿ. ಹೆಣ್ಣು. ತಾಯಿ ಕೂಸು ಇಬ್ರೂ ಆರಾಮ ಅದಾರ್ರಿ."

ನಾನು ದೊಡ್ಡಮ್ಮನಿಗೆ ತಿರುಗಿ ಫೋನ್ ಮಾಡಿ ಖುಷಿಯಲ್ಲಿ ಹೇಳಹೊರಟೆ. ದೊಡ್ಡಮ್ಮ ತಡೆದರು.

"ನೀನು ಸುಮ್ಮನಿರು, ನಿನಗೆ ಗೊತ್ತಿಲ್ಲ. ಅವಳಿಗೆ ಕೊಡು." ಶಿವಲೀಲಾ ಎಂಜಲು ಕೈಯನ್ನು ದೂರ ಹಿಡಿದು ಫೋನಿಗೆ ಕಿವಿ ಕೊಟ್ಟಳು. "ಮಗಳೇ, ಹಡದಾಳ ಅಂದ್ರೆ ಹೆರಿಗೆ ಆದದ್ದೇ ಅಲ್ವಾ? ಬೇರೆ ಎಂತದ್ದೂ ಅಲ್ವಲ್ಲ?"

"ಅದ ರೀ ದೊಡ್ಡಮ್ಮ."

"ದಿನ ತುಂಬಿಯಾ?"

"ತುಂಬೇ ರೀ. ಇಲ್ಲಾಂದ್ರ ಹಂಗ ಹೇಳೂದಿಲ್ಲ."

"ಈ ಆರಾಮ ಅಂದ್ರೆ ಎಂತ? ಮಲಗಿದ್ದಾರೆ ಅಂತಲಾ, ಸೌಖ್ಯ ಇದ್ದಾರೆ ಅಂತಲಾ?"

"ಸೌಖ್ಯ ಅದಾರಂತ ರೀ."

ಅತ್ತ ಕಡೆಯಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು.

"ನಿಧಾನವಾಗಿ ಇನ್ನೊಮ್ಮೆ ಹೇಳು" ಎಂದರು ದೊಡ್ಡಮ್ಮ. "ಅವನು ಹೇಳಿದ ಹಾಗೆಯೇ ಬರೀತೇನೆ."